ಐವತ್ತೆಂಟನೇ ಪುಟ

ಆ ಅಡ್ಡಹೆಸರು ಇಟ್ಟವರು ಯಾರೋ ಗೊತ್ತಿಲ್ಲ. ಇಪ್ಪತ್ತು ವರ್ಷದ ಹಿಂದೆ ಓದಲು ಬರುತ್ತಿದ್ದ ಯಾವಳೋ ತರಲೆ ಹುಡುಗಿ ಇಟ್ಟಿರಬೇಕು. ಅಕ್ಕನಿಂದ ತಂಗಿಗೆ, ತಂಗಿಯಿಂದ ಗೆಳತಿಗೆ ದಾಟಿಕೊಂಡು ಬಂದು, ಈಗ ಶಾಖಾ ಗ್ರಂಥಾಲಯದ ಸಹಾಯಕಿ ಎಲ್ಲ ಹುಡುಗಿಯರಿಗೂ ಪುಟದಕ್ಕ. ಅವಳು ಬಾಯಿಬಿಟ್ಟರೆ ಬರುವುದು ಎರಡೇ ಮಾತು. ಒಂದು, ‘ಶ್!’ ಇನ್ನೊಂದು, ‘ಇಂತಿಷ್ಟನೇ ಪುಟ ನೋಡು.’ ಹೆಸರೇನೋ ತಮಾಷೆಯದೇ, ಆದರೆ ಅವಳಿಗೆ ಅದರಲ್ಲಿ ನಗು ಬಂದು ಬಹಳ ಕಾಲವಾಗಿತ್ತು.

ಗ್ರಂಥಾಲಯ ಇರುವುದು ನೀರಿನ ಕಚೇರಿಯ ಮೇಲಿನ ಮಹಡಿಯಲ್ಲಿ. ಇಪ್ಪತ್ತೆರಡು ಮೆಟ್ಟಿಲು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಅವಳು ಅವನ್ನು ಎಣಿಸಿರಲಿಲ್ಲ, ಈಗ ದಿನಾ ಎಣಿಸುತ್ತಾಳೆ. ಹದಿಮೂರನೆಯದರಲ್ಲಿ ನಿಂತು ಎಡಮಂಡಿಗೆ ಎರಡು ಬೈಗುಳ ಬೈದು ಮುಂದಿನದನ್ನು ಹತ್ತುತ್ತಾಳೆ. ಮನೆಯಲ್ಲಿ ಎಂಬತ್ತನಾಲ್ಕು ವರ್ಷದ ಅತ್ತೆ. ಗಂಡ ತೀರಿಕೊಂಡು ಏಳು ವರ್ಷವಾದರೂ ಅತ್ತೆಯ ಚಾಕರಿ ಇವಳದೇ. ‘ನಿನ್ನ ಮೈದುನನ ಮನೆಯಲ್ಲಿ ಜಾಗ ಇಲ್ಲವಂತೆ’ ಎಂದರು ನೆಂಟರು, ಹೂಂ ಅಂದಳು. ಆಫೀಸಿನಲ್ಲಿ ಗೋಂದು ಹಚ್ಚುವುದು, ರಿಜಿಸ್ಟರು ಬರೆಯುವುದು, ರಜೆ ಹಾಕಿದ ಜವಾನನ ಬದಲು ಕಸ ಗುಡಿಸುವುದು, ಎಲ್ಲಕ್ಕೂ ಹೂಂ ಅಂದಳು. ಬೇಡ ಅನ್ನುವ ಪದ ಅವಳ ಜಾಯಮಾನದಲ್ಲೇ ಇರಲಿಲ್ಲ. ಹಾಗೆ ಹೂಂ ಅಂದು ಅಂದು ಐವತ್ತೊಂಬತ್ತು ವರ್ಷ ತುಂಬಿತು. ನಿವೃತ್ತಿಗೆ ಇನ್ನು ಏಳು ತಿಂಗಳು ಬಾಕಿ.

ಈ ಬದುಕಿನಲ್ಲಿ ಅವಳು ಯಾರನ್ನೂ ಕೇಳದೆ, ಯಾರಿಗೂ ಹೇಳದೆ ಮಾಡಿದ ಕೆಲಸ ಒಂದೇ ಒಂದು. ಅದು ಕೊನೆಯ ಕಪಾಟಿನ ಕೆಳಗಿನಿಂದ ಎರಡನೇ ಸಾಲಿನಲ್ಲಿತ್ತು. ಹೊಲಿಗೆ, ಹೆಣಿಗೆ, ಕಸೂತಿ ಪುಸ್ತಕಗಳ ನಡುವೆ ಕಂದು ಕಾಗದದ ಹೊದಿಕೆ ಹಾಕಿಕೊಂಡು ಕೂತಿದ್ದ ಪುಸ್ತಕ. ಬೆನ್ನಿನ ಮೇಲೆ ‘ಹೆಣಿಗೆ, ಭಾಗ ೩’ ಎಂದು ಅವಳದೇ ಕೈಬರಹ. ಒಳಗೆ ಹೆಣಿಗೆ ಇರಲಿಲ್ಲ. ಹರೆಯದ ಹುಡುಗಿಯರಿಗಾಗಿ ಯಾರೋ ವೈದ್ಯೆ ಬರೆದ ಪುಸ್ತಕ ಅದು. ಮುಟ್ಟು ಎಂದರೇನು, ಗರ್ಭ ಹೇಗೆ ನಿಲ್ಲುತ್ತದೆ, ನಿಲ್ಲದಂತೆ ಏನು ಮಾಡಬಹುದು, ಗಂಡುಮಕ್ಕಳ ಮೈಯಲ್ಲಿ ಏನೇನಾಗುತ್ತದೆ, ಆಕರ್ಷಣೆ ಯಾವುದು, ಪ್ರೀತಿ ಯಾವುದು, ಎಲ್ಲ ಇತ್ತು. ತಾಯಂದಿರು ನುಂಗಿಕೊಂಡದ್ದು, ಟೀಚರುಗಳು ‘ಈ ಪಾಠ ಮನೆಯಲ್ಲಿ ಓದಿಕೊಳ್ಳಿ’ ಎಂದು ಹಾರಿಸಿದ್ದು, ಎಲ್ಲವೂ ನೂರ ಹನ್ನೆರಡು ಪುಟಗಳಲ್ಲಿ ಚಿತ್ರಸಮೇತ.

ಮೊದಲು ಅದು ತನ್ನ ಸ್ವಂತ ಹೆಸರಿನಲ್ಲಿ, ಸ್ವಂತ ಹಸಿರು ರಟ್ಟಿನಲ್ಲಿ ಆರೋಗ್ಯ ವಿಭಾಗದಲ್ಲೇ ಇತ್ತು. ಒಬ್ಬ ಹುಡುಗಿ ಧೈರ್ಯ ಮಾಡಿ ಮನೆಗೆ ಒಯ್ದಳು. ಮಾರನೆಯ ದಿನ ಅವಳಪ್ಪ ಇಪ್ಪತ್ತೆರಡೂ ಮೆಟ್ಟಿಲನ್ನು ಧಡಧಡ ಹತ್ತಿ ಬಂದು ಪುಸ್ತಕವನ್ನು ಮೇಜಿನ ಮೇಲೆ ಎಸೆದ. ‘ಇದನ್ನ ಕಲಿಸೋಕೆ ಸಂಬಳ ತಗೋತೀರಾ?’ ಎಂದು ಕೂಗಾಡಿದ. ಪತ್ರಿಕೆ ಓದುತ್ತಿದ್ದ ಗಂಡಸರೆಲ್ಲ ಕತ್ತು ತಿರುಗಿಸಿದರು. ಆ ಹುಡುಗಿ ಮತ್ತೆ ಈ ಮೆಟ್ಟಿಲು ಹತ್ತಲಿಲ್ಲ. ಅಂದು ಸಂಜೆಯೇ ಪುಸ್ತಕಕ್ಕೆ ಕಂದು ಹೊದಿಕೆ ಬಿತ್ತು, ಹೆಣಿಗೆಯ ಹೆಸರು ಬಂತು. ಅಂದಿನಿಂದ ಅದನ್ನು ಅವಳು ಯಾರ ಕಾರ್ಡಿಗೂ ಬರೆದುಕೊಡಲಿಲ್ಲ. ಬರೆದರೆ ತಾನೇ ಸಿಕ್ಕಿಬೀಳುವುದು? ಕಪಾಟಿನ ಹಿಂದೆ, ಕಿಟಕಿಯ ಪಕ್ಕ ಒಂದು ಮೋಟು ಸ್ಟೂಲು ಹಾಕಿದಳು. ಬಂದು ಕೂತು ಓದಿ, ಅಲ್ಲೇ ಇಟ್ಟು ಹೋಗಬೇಕು.

ಇದಕ್ಕೊಂದು ಪದ್ಧತಿಯೂ ತಾನಾಗಿಯೇ ಹುಟ್ಟಿಕೊಂಡಿತು. ಕೇಳಲು ನಾಚಿಕೆಯಾದವರು ಪ್ರಶ್ನೆಯನ್ನು ಚೀಟಿಯಲ್ಲಿ ಬರೆದು ಪುಸ್ತಕದ ಒಳಗಿಡುವುದು. ಪುಟದಕ್ಕ ಅದರ ಕೆಳಗೆ ಪೆನ್ಸಿಲಿನಲ್ಲಿ ಪುಟದ ಸಂಖ್ಯೆ ಬರೆಯುವುದು. ಹೆಸರು ಕೇಳುವುದಿಲ್ಲ, ಮನೆ ಕೇಳುವುದಿಲ್ಲ, ಮುಖ ನೋಡುವುದೂ ಕಡಿಮೆ. ‘ಮುತ್ತು ಕೊಟ್ಟರೆ ಬಸಿರಾಗ್ತಾರಾ?’ ಪು. ೩೩. ‘ನನಗಿನ್ನೂ ಶುರುವಾಗಿಲ್ಲ, ಹದಿನೈದಾಯ್ತು.’ ಪು. ೪೧. ‘ಅವನು ಮಾತಾಡಿಸ್ತಾನೆ, ಎದೆ ಹೊಡ್ಕೊಳ್ಳುತ್ತೆ, ಇದು ಕಾಯಿಲೆನಾ?’ ಪು. ೪೯. ಈ ಪದಗಳನ್ನು ಅವಳು ಇಷ್ಟು ವರ್ಷದಲ್ಲಿ ಒಮ್ಮೆಯೂ ಬಾಯಲ್ಲಿ ಆಡಿದ್ದಿಲ್ಲ. ಆಡಲು ಹೋದರೆ ನಾಲಿಗೆ ಹೊರಳದು. ಸ್ವಂತ ಮಗಳಿಗೂ ಅಷ್ಟೇ. ಅವಳಿಗೆ ಹನ್ನೆರಡಾದಾಗ ಪುಸ್ತಕವನ್ನು ಸೆರಗಿನಲ್ಲಿ ಮುಚ್ಚಿ ಮನೆಗೆ ಒಯ್ದು, ದಿಂಬಿನ ಪಕ್ಕದಲ್ಲಿಟ್ಟು, ‘ನಲವತ್ತೊಂದರಿಂದ ಓದು’ ಎಂದು ಹೇಳಿ ಅಡುಗೆಮನೆಗೆ ಹೋಗಿ ಸುಮ್ಮನೆ ಪಾತ್ರೆ ಸದ್ದು ಮಾಡುತ್ತ ನಿಂತಿದ್ದಳು.

ಈಗ ಎಲ್ಲರ ಕೈಯಲ್ಲೂ ಫೋನು ಇದೆಯಲ್ಲ, ಈ ಹಳೇ ಪುಸ್ತಕ ಯಾಕೆ ಎಂದು ಕೇಳಬಹುದು. ಫೋನು ಇರುವುದು ಅಣ್ಣನ ಕೈಯಲ್ಲಿ, ಅಪ್ಪನ ಕೈಯಲ್ಲಿ. ಹುಡುಗಿಗೆ ಸಿಕ್ಕುವುದು ಅರ್ಧ ಗಂಟೆ, ಅದೂ ಆಮೇಲೆ ಏನು ನೋಡಿದಳೆಂದು ತಪಾಸಣೆ. ಆ ಅರ್ಧ ಗಂಟೆಯಲ್ಲಿ ಅವರು ನೋಡಿ ಬಂದದ್ದನ್ನು ಚೀಟಿಗಳಲ್ಲಿ ಓದಿ ಪುಟದಕ್ಕ ತಲೆ ಚಚ್ಚಿಕೊಳ್ಳುತ್ತಿದ್ದಳು. ಒಬ್ಬಳು ಏನೋ ಕಷಾಯ ಕುಡಿದರೆ ಸಾಕಂತೆ ಎಂದು ಬರೆದಿದ್ದಳು, ಇನ್ನೊಬ್ಬಳು ಸೋಪಿನ ನೀರು ಎಂದು. ತಪ್ಪು, ತಪ್ಪು, ಪು. ೬೬ ನೋಡು ಎಂದು ಎರಡು ಸಲ ಗೆರೆ ಎಳೆದು ಬರೆದಿದ್ದಳು. ಅವಳ ಸುಸ್ತು ಬರೀ ಮಂಡಿಯದಲ್ಲ. ಅದೇ ಪ್ರಶ್ನೆ, ಅದೇ ಹೆದರಿಕೆ, ಬೇರೆ ಬೇರೆ ಕೈಬರಹ. ಒಂದು ತಂಡಕ್ಕೆ ಬುದ್ಧಿ ಬಂತು ಅನ್ನುವಷ್ಟರಲ್ಲಿ ಇನ್ನೊಂದು ತಂಡ ಬಂದು ಕೂತಿರುತ್ತಿತ್ತು. ಸಾಕಪ್ಪಾ ಸಾಕು, ಇನ್ನು ಏಳು ತಿಂಗಳು ಎಂದುಕೊಂಡು ಅವಳು ಪೆನ್ಸಿಲು ಚೂಪು ಮಾಡುತ್ತಿದ್ದಳು.

ಹೀಗಿರುವಾಗ ಒಂದು ಸೋಮವಾರ ಆದೇಶ ಬಂತು. ಐದು ವರ್ಷದಿಂದ ಒಮ್ಮೆಯೂ ಎರವಲು ಹೋಗದ ಪುಸ್ತಕಗಳನ್ನೆಲ್ಲ ಪಟ್ಟಿ ಮಾಡಿ, ಶುಕ್ರವಾರ ಸಂಜೆಯೊಳಗೆ ‘ರದ್ದು’ ಮೊಹರು ಹೊಡೆದು, ರಟ್ಟು ಕಿತ್ತು ಕಟ್ಟಿಡಬೇಕು. ಶನಿವಾರ ಲಾರಿ ಬಂದು ಕಾಗದದ ಕಾರ್ಖಾನೆಗೆ ಒಯ್ಯುತ್ತದೆ. ಗ್ರಂಥಾಲಯದವರು ಇದನ್ನು ಕಳೆ ಕೀಳುವುದು ಎನ್ನುತ್ತಾರೆ. ಗ್ರಂಥಪಾಲಕ ಹೊಸಬ, ಮೂವತ್ತೊಂದು ವರ್ಷದವನು, ಸಭ್ಯ, ಆದರೆ ನಿಯಮ ಎಂದರೆ ಪ್ರಾಣ. ಅವನೇ ರಿಜಿಸ್ಟರು ಹಿಡಿದು ಒಂದೊಂದೇ ಪುಸ್ತಕದ ಹಿಂಬದಿಯ ದಿನಾಂಕದ ಚೀಟಿ ತೆಗೆದು ನೋಡತೊಡಗಿದ. ಎಲ್ಲ ಪುಸ್ತಕಕ್ಕಿಂತ ಹೆಚ್ಚು ಕೈಗಳು ತಿರುವಿದ, ಮೂರು ಸಲ ಬೆನ್ನಿಗೆ ಬಟ್ಟೆ ಅಂಟಿಸಿಕೊಂಡ ಆ ಪುಸ್ತಕದ ಚೀಟಿಯಲ್ಲಿ ಇಪ್ಪತ್ತೆರಡು ವರ್ಷದಿಂದ ಒಂದೇ ಒಂದು ಮೊಹರು ಇರಲಿಲ್ಲ. ಕಾಪಾಡುತ್ತೇನೆಂದು ಅವಳು ಮಾಡಿದ ಉಪಾಯವೇ ಅದರ ಕುತ್ತಿಗೆಗೆ ಬಂದಿತ್ತು.

ಮಂಗಳವಾರ ಇಡೀ ದಿನ ಅವಳ ತಲೆ ಅದರಲ್ಲೇ ಇತ್ತು. ಸಂಜೆ ನಾಲ್ಕೂವರೆಗೆ ಚೀಲದ ಹುಡುಗಿ ಬಂದಳು. ಎಂಟೊಂಬತ್ತು ತಿಂಗಳಿಂದ ಮಂಗಳವಾರ, ಶುಕ್ರವಾರ ತಪ್ಪದೆ ಬರುವವಳು; ಶಾಲೆಯ ಚೀಲವನ್ನು ಬೆನ್ನಿಗೆ ಹಾಕದೆ ಎದೆಗವಚಿಕೊಂಡು ನಡೆಯುವವಳು; ಹದಿನಾರು ಇರಬಹುದು. ಸ್ಟೂಲಿನಲ್ಲಿ ಕೂತಳು, ಚೀಟಿ ಬರೆದಿಟ್ಟಳು, ಪತ್ರಿಕೆಯ ಕಡೆ ಹೋಗಿ ನಿಂತಳು. ಪುಟದಕ್ಕ ಹೋಗಿ ಚೀಟಿ ನೋಡಿದಳು. ‘ಅವನು ಒಳ್ಳೆಯವನೇ. ಆದರೆ ಒಬ್ಬಳೇ ಬಾ ಅಂತಾನೆ, ನಾನು ಬೇಡ ಅಂದ್ರೆ ಕೋಪ ಮಾಡ್ಕೊಂಡು ಮೂರು ದಿನ ಮಾತು ಬಿಡ್ತಾನೆ. ಪ್ರೀತಿ ಇದ್ರೆ ಬೇಡ ಅನ್ನಬಾರದಂತೆ. ಬೇಡ ಅನ್ನೋದು ತಪ್ಪಾ ಅಕ್ಕ?’ ಪುಟದಕ್ಕ ಯೋಚಿಸಲಿಲ್ಲ. ಪ್ರೀತಿ, ಕೋಪ, ಒತ್ತಾಯ ಎಂದರೆ ಐವತ್ತೆಂಟು. ಅವಳ ಪೆನ್ಸಿಲಿಗೆ ಅದು ಅಭ್ಯಾಸವಾಗಿತ್ತು. ಪು. ೫೮ ಎಂದು ಬರೆದು ಮೇಜಿಗೆ ಹಿಂದಿರುಗಿದಳು. ಅವಳ ಮನಸ್ಸೆಲ್ಲ ಪುಸ್ತಕವನ್ನು ಉಳಿಸುವುದು ಹೇಗೆ ಅನ್ನುವುದರಲ್ಲಿತ್ತು.

ಉಪಾಯ ಬುಧವಾರ ಬೆಳಿಗ್ಗೆ ಹೊಳೆಯಿತು. ದಿನಾಂಕದ ಮೊಹರು ಅವಳ ಕೈಯಲ್ಲೇ ಇದೆಯಲ್ಲ! ಗ್ರಂಥಪಾಲಕ ಬರುವ ಮುಂಚೆ ಮೊಹರಿನ ಗಾಲಿಗಳನ್ನು ಹಿಂದಕ್ಕೆ ತಿರುಗಿಸಿ, ಚೀಟಿಯ ಮೇಲೆ ಐದು ವರ್ಷಕ್ಕೆ ಹದಿನಾಲ್ಕು ತಾರೀಕು ಒತ್ತಿದಳು. ಜೀವನದಲ್ಲಿ ಮೊದಲ ಕಳ್ಳತನ. ಆದರೂ ಪ್ರತಿ ಮೊಹರೂ ನೇರವಾಗಿ ಬಿದ್ದಿತ್ತು. ಇಪ್ಪತ್ತೇಳು ವರ್ಷದ ಕಸುಬು ಹಾಗೆಲ್ಲ ಕೈ ಬಿಡುವುದಿಲ್ಲ.

ಮಧ್ಯಾಹ್ನ ಗ್ರಂಥಪಾಲಕ ಪುಸ್ತಕ ಹಿಡಿದುಕೊಂಡು ಅವಳ ಮೇಜಿನ ಮುಂದೆ ನಿಂತ.

“ಮೇಡಂ, ಹೆಣಿಗೆ ಭಾಗ ಮೂರಕ್ಕೆ ಬಹಳ ಬೇಡಿಕೆ ಇದ್ದಂಗಿದೆ.”

“ಹೂಂ, ಒಯ್ತಾರೆ.”

“ಭಾನುವಾರವೂ ಒಯ್ದಿದ್ದಾರೆ.” ಅವನು ಚೀಟಿಯ ಮೇಲೆ ಬೆರಳಿಟ್ಟ. “ಇಲ್ಲೊಂದು, ಇಲ್ಲೊಂದು. ಈ ಮೂರು ತಾರೀಕಿನಲ್ಲಿ ಸೂರು ರಿಪೇರಿ ಅಂತ ಗ್ರಂಥಾಲಯವೇ ಮುಚ್ಚಿತ್ತು. ಮತ್ತೆ, ಐದು ವರ್ಷದ ಶಾಯಿ ಎಲ್ಲ ಒಂದೇ ಥರ ಒದ್ದೆ ಇದೆ ಮೇಡಂ.”

ಅವನ ಹೆಬ್ಬೆರಳಿಗೆ ಶಾಯಿ ಮೆತ್ತಿತ್ತು. ಪುಟದಕ್ಕನಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಬೈದಿದ್ದರೆ ಹೂಂ ಅಂದು ಬೈಸಿಕೊಳ್ಳುತ್ತಿದ್ದಳು, ಅದು ಅಭ್ಯಾಸವಿತ್ತು. ಇವನು ಬೈಯಲಿಲ್ಲ. ಕುರ್ಚಿ ಎಳೆದುಕೊಂಡು ಕೂತು, “ಒಳಗೆ ಇರೋದು ಹೆಣಿಗೆ ಅಲ್ಲ ಅಂತ ನೋಡಿದೆ. ಏನು ಸಮಾಚಾರ, ಹೇಳಿ” ಅಂದ.

ಮಗನ ವಯಸ್ಸಿನ ಗಂಡಸಿಗೆ ಹೇಗೆ ಹೇಳುವುದು? “ಹೆಣ್ಣುಮಕ್ಕಳು ಓದ್ತಾರೆ,” ಅಂದಳು. “ಕೂತು ಓದ್ತಾರೆ. ಬರೆಸಿಕೊಂಡು ಒಯ್ಯೋಕಾಗಲ್ಲ ಅವರಿಗೆ.” ಅಷ್ಟೇ ಸಾಕಾಯಿತು ಅವನಿಗೆ. ಮೊದಲ ಹಾಳೆ ತಿರುವಿ ಅಚ್ಚಾದ ವರ್ಷ ನೋಡಿದ.

“ಪುಸ್ತಕಕ್ಕೆ ಇಪ್ಪತ್ತೊಂಬತ್ತು ವರ್ಷ ಆಗಿದೆ ಮೇಡಂ. ಇದರಲ್ಲಿರೋದೆಲ್ಲ ಇವತ್ತಿಗೂ ಸರಿನಾ ಅಂತ ನನಗೆ ಗೊತ್ತಿಲ್ಲ, ನಿಮಗೆ ಗೊತ್ತಿರುತ್ತೆ. ಮೊಹರಿನ ವಿಷಯ ನಾನು ನೋಡಿಲ್ಲ ಅಂದುಕೊಳ್ಳಿ. ಆದರೆ ಪಟ್ಟಿಯಿಂದ ಬಿಡಬೇಕಾದರೆ ಕಾಗದ ಬೇಕು. ಓದಿದವರು ಒಬ್ಬರಾದರೂ, ಇದು ನನ್ನ ಉಪಯೋಗಕ್ಕೆ ಬಂತು ಅಂತ ಬರೆದು ಸಹಿ ಮಾಡಿಕೊಡಲಿ. ಶುಕ್ರವಾರದೊಳಗೆ. ಮೇಲಿನವರಿಗೆ ನಾನು ಬರೀತೀನಿ.”

ಈಗಿನ ಹುಡುಗಿಯರು ಸಹಿ ಮಾಡುವಂತಿಲ್ಲ. ಹಳಬರು ಯಾರು, ಎಲ್ಲಿದ್ದಾರೆ, ಹೆಸರೇ ಕೇಳದವಳಿಗೆ ಹೇಗೆ ಗೊತ್ತು? ಒಬ್ಬಳು ಮಾತ್ರ ಗೊತ್ತಿದ್ದಳು. ಎರಡು ಬೀದಿ ಆಚೆ ಕನ್ನಡಕದಂಗಡಿ ಇಟ್ಟವಳು. ಹೋದ ವರ್ಷ ಪುಟದಕ್ಕ ಓದುವ ಕನ್ನಡಕ ಮಾಡಿಸಲು ಹೋದಾಗ ಅವಳೇ ಗುರುತು ಹಿಡಿದು, ‘ನೀವು ಪುಟದಕ್ಕ ಅಲ್ವಾ?’ ಎಂದಿದ್ದಳು. ಹದಿನೇಳರ ವಯಸ್ಸಿನಲ್ಲಿ ಒಂದು ವಾರ ಬಿಡದೆ ಬಂದು ಸ್ಟೂಲಿನ ಮೇಲೆ ಕೂತವಳು. ಅಷ್ಟು ಓದಿದವಳು ಎರಡು ಸಾಲು ಬರೆದುಕೊಡದೆ ಇರುತ್ತಾಳೆಯೇ? ಗುರುವಾರ ಊಟದ ಬಿಡುವಿನಲ್ಲಿ ಪುಸ್ತಕವನ್ನು ಚೀಲದಲ್ಲಿಟ್ಟುಕೊಂಡು ಪುಟದಕ್ಕ ಹೊರಟಳು. ಮನಸ್ಸಿನಲ್ಲಿ ಸಣ್ಣದೊಂದು ಹೆಮ್ಮೆಯೂ ಇತ್ತು, ಅದನ್ನು ಮುಚ್ಚಿಡುವುದೇಕೆ? ಇಷ್ಟು ವರ್ಷದ ಮೇಲೆ ಯಾರಾದರೂ ಉಪಯೋಗವಾಯಿತು ಎಂದು ಹೇಳುವುದನ್ನು ಕೇಳುವ ಆಸೆ.

ಅಂಗಡಿಯಲ್ಲಿ ಗಿರಾಕಿಗಳಿರಲಿಲ್ಲ. ಕನ್ನಡಕದವಳು ಗಾಜಿನ ಮೇಜಿನ ಹಿಂದೆ ಕೂತು ಒಂದು ಚೌಕಟ್ಟಿನ ಸಡಿಲ ಮೊಳೆ ತಿರುಗಿಸುತ್ತಿದ್ದಳು. ಪುಸ್ತಕ ಕಂಡು ಅವಳ ಕೈ ನಿಂತಿತು.

“ಇನ್ನೂ ಇದೆಯಾ ಇದು!”

ಪುಟದಕ್ಕ ಬಂದ ಕಾರಣ ಹೇಳಿದಳು. ಅವಳು ಕೂಡಲೇ ಡ್ರಾಯರಿನಿಂದ ಹಾಳೆ ತೆಗೆದಳು.

“ಬರ್ಕೊಡ್ತೀನಿ ಅಕ್ಕ, ಅದಕ್ಕೇನು. ಏನಂತ ಬರೀಲಿ?”

“ಉಪಯೋಗ ಆಯ್ತು ಅಂತ. ಅಷ್ಟೇ.”

ಕನ್ನಡಕದವಳು ತಾರೀಕು ಬರೆದಳು. ಆಮೇಲೆ ಪೆನ್ನು ಮುಂದೆ ಹೋಗಲಿಲ್ಲ. “ನಲವತ್ತೊಂದು ಉಪಯೋಗ ಆಯ್ತು,” ಅಂದಳು. “ಮೂವತ್ಮೂರು ಓದಿ ಎಷ್ಟು ಸಮಾಧಾನ ಆಗಿತ್ತು ಗೊತ್ತಾ, ಅವತ್ತು ಮನೆಗೆ ಓಡ್ಕೊಂಡು ಹೋಗಿದ್ದೆ.” ಪೆನ್ನಿನ ಮುಚ್ಚಳ ಹಾಕಿದಳು. “ಐವತ್ತೆಂಟೂ ಸೇರಿಸಿ ಬರೀಬೇಕಾ ಅಕ್ಕ?”

“ಐವತ್ತೆಂಟರಲ್ಲಿ ಏನಿದೆ?”

ಅವಳು ಪುಸ್ತಕ ತೆರೆಯಲಿಲ್ಲ. ಬಾಯಿಪಾಠ ಒಪ್ಪಿಸುವ ಹುಡುಗಿಯ ದನಿಯಲ್ಲಿ ಹೇಳಿದಳು: “‘ಪ್ರೀತಿಯಿರುವಲ್ಲಿ ಅಷ್ಟಿಷ್ಟು ಒತ್ತಾಯವೂ ಇರುತ್ತದೆ. ಗಂಡಿನ ಸ್ವಭಾವವೇ ಅಂಥದು. ಜಾಣ ಹುಡುಗಿ ಇದಕ್ಕೆ ಮುನಿಸಿಕೊಳ್ಳದೆ, ತಾಳ್ಮೆಯಿಂದ ಅವನ ಮನಸ್ಸನ್ನು ಗೆಲ್ಲುತ್ತಾಳೆ.’ ನಾನು ಚೀಟಿಯಲ್ಲಿ ಕೇಳಿದ್ದೆ. ಮದುವೆ ಗೊತ್ತಾಗಿತ್ತು ನಂಗೆ. ಅವನು ನನಗೆ ಬೇಡದ್ದನ್ನ ಬೇಡ ಅಂದ್ರೂ ಕೇಳ್ತಿರ್ಲಿಲ್ಲ, ನನಗೆ ಭಯ ಆಗುತ್ತೆ, ಮದುವೆ ನಿಲ್ಲಿಸಿ ಅಂತ ಮನೇಲಿ ಹೇಳ್ಬಹುದಾ ಅಂತ ಬರೆದಿದ್ದೆ. ನೀವು ಐವತ್ತೆಂಟು ಅಂತ ಬರೆದಿದ್ರಿ.”

ಬೀದಿಯಲ್ಲಿ ಒಂದು ಗಾಡಿ ಹಾರನ್ ಹೊಡೆಯುತ್ತ ಹೋಯಿತು. ಕನ್ನಡಕದವಳು ಅದು ಹೋಗುವ ತನಕ ಕಾದಳು.

“ಡಾಕ್ಟರು ಬರೆದಿದ್ದಾರೆ, ಅಚ್ಚಾಗಿದೆ, ಅಕ್ಕನೂ ಅದನ್ನೇ ತೋರಿಸಿದ್ರು. ಇನ್ಯಾರನ್ನ ಕೇಳೋದು? ಹನ್ನೊಂದು ವರ್ಷ ಜಾಣೆಯಾಗಿದ್ದೆ ಅಕ್ಕ. ಆಮೇಲೆ ಮಗಳನ್ನ ಕರ್ಕೊಂಡು ಹೊರಗೆ ಬಂದೆ.”

ಪುಟದಕ್ಕ ತಪ್ಪಾಯಿತು ಅನ್ನಬೇಕೆಂದುಕೊಂಡಳು, ಆ ಮಾತು ಈ ಹನ್ನೊಂದು ವರ್ಷದ ಮುಂದೆ ಎಷ್ಟರದು ಅನ್ನಿಸಿತು.

“ನಿಮ್ಮ ಮೇಲೆ ಕೋಪ ಇಲ್ಲ,” ಎಂದಳು ಕನ್ನಡಕದವಳು. “ಆದ್ರೆ ಒಂದು ಕೇಳ್ಲಾ? ನೀವು ಆ ಪುಟ ಓದಿದ್ರಾ?”

“ಓದಿದ್ದೆ.”

“ಓದಿದಾಗ ಏನನ್ನಿಸ್ತು?”

ಪುಟದಕ್ಕ ನಿಜವನ್ನೇ ಹೇಳಿದಳು. “ಏನೂ ಅನ್ನಿಸಿರಲಿಲ್ಲ.”

ಅದೇ ಅವಳನ್ನು ಕೊಂದ ಮಾತು. ಪುಸ್ತಕ ಬಂದ ವರ್ಷ ಅವಳಿಗೆ ಮೂವತ್ತೆರಡು. ಮದುವೆಯಾಗಿ ಒಂಬತ್ತು ವರ್ಷವಾಗಿತ್ತು. ಗಂಡ ಕೆಟ್ಟವನಲ್ಲ, ಕೈ ಎತ್ತಿದವನಲ್ಲ. ಆದರೆ ಅವಳನ್ನು ಒಂದು ದಿನವೂ ಏನನ್ನೂ ಕೇಳಿದವನಲ್ಲ. ಕೇಳಬೇಕು ಎಂದು ಅವನಿಗೂ ಗೊತ್ತಿರಲಿಲ್ಲ, ಅವಳಿಗೂ ಗೊತ್ತಿರಲಿಲ್ಲ. ಐವತ್ತೆಂಟನೇ ಪುಟ ಅವಳಿಗೆ ಬೆಳಿಗ್ಗೆ ಆದ ಮೇಲೆ ಮಧ್ಯಾಹ್ನ ಆಗುತ್ತದೆ ಅನ್ನುವಷ್ಟು ಸಾಮಾನ್ಯವಾಗಿ ಕಂಡಿತ್ತು. ಹಾಗಾಗಿ ಎಷ್ಟು ಚೀಟಿಗಳ ಕೆಳಗೆ ಆ ಸಂಖ್ಯೆ ಬರೆದಳೋ, ಲೆಕ್ಕ ಇಟ್ಟವರಿಲ್ಲ.

ಚೀಲದ ಹುಡುಗಿ ನೆನಪಾದದ್ದು ಆಗ. ಪುಟದಕ್ಕ ಅಲ್ಲೇ ಗಾಜಿನ ಮೇಜಿನ ಮೇಲೆ ಪುಸ್ತಕ ತೆರೆದಳು. ಐವತ್ತೆಂಟನೇ ಪುಟದಲ್ಲಿ ಮಂಗಳವಾರದ ಚೀಟಿ ಇತ್ತು. ಅವಳ ಪೆನ್ಸಿಲಿನ ಸಂಖ್ಯೆಯ ಕೆಳಗೆ ಹುಡುಗಿ ಮತ್ತೆ ಬರೆದಿದ್ದಳು: ‘ಓದಿದೆ ಅಕ್ಕ. ನಂದೇ ತಪ್ಪು ಅಂತ ಗೊತ್ತಾಯ್ತು. ಇನ್ನು ಬೇಡ ಅನ್ನಲ್ಲ. ಭಾನುವಾರ ಹೋಗ್ತೀನಿ. ಥ್ಯಾಂಕ್ಸ್.’

ಕನ್ನಡಕದವಳು ಚೀಟಿ ಓದಿದಳು. ಅರ್ಧ ಬರೆದ ಹಾಳೆಯನ್ನು ಮಡಚಿ ಡ್ರಾಯರಿಗೆ ಹಾಕಿದಳು. “ನನ್ನ ಸಹಿ ಇರ್ಲಿ ಅಕ್ಕ. ಮೊದಲು ಇವಳನ್ನ ಹುಡುಕಿ.”

ಹುಡುಕುವುದೆಲ್ಲಿ? ಹೆಸರಿಲ್ಲ, ಮನೆಯಿಲ್ಲ. ಹೆಸರು ಕೇಳದಿರುವುದೇ ದೊಡ್ಡ ಉಪಕಾರ ಎಂದುಕೊಂಡಿದ್ದಳಲ್ಲ ಇಷ್ಟು ವರ್ಷ. ನಾಳೆ ಶುಕ್ರವಾರ ಬಂದೇ ಬರುತ್ತಾಳೆಂದು ನೆಚ್ಚಿ ಕೂರುವುದು ಹೇಗೆ? ಅಂದೇ ಶಾಲೆ ಬಿಡುವ ಹೊತ್ತಿಗೆ ಗೇಟಿನ ಎದುರು ಹೋಗಿ ನಿಂತಳು. ಒಂದೇ ಬಣ್ಣದ ಬಟ್ಟೆಯಲ್ಲಿ ನೂರಾರು ಹುಡುಗಿಯರು ಹರಿದು ಬಂದರು. ಎದೆಗೆ ಚೀಲ ಅವಚಿಕೊಂಡವರೇ ಇಪ್ಪತ್ತು ಮಂದಿ ಇದ್ದರು. ಅವಳು ಮಾತ್ರ ಇರಲಿಲ್ಲ, ಅಥವಾ ಇದ್ದೂ ಕಾಣಲಿಲ್ಲ. ಕಾವಲುಗಾರ ಬಂದು ಯಾರು ಬೇಕು ಎಂದು ಕೇಳಿದ. ಹೇಳಲು ಹೆಸರಿಲ್ಲದೆ ಪುಟದಕ್ಕ ಹಿಂದಿರುಗಿದಳು.

ಸಂಜೆ ಅತ್ತೆಯ ರೇಡಿಯೋ ಗಟ್ಟಿಯಾಗಿ ಒದರುತ್ತಿತ್ತು. ಪುಟದಕ್ಕ ಹಿತ್ತಲಿನ ಬಾಗಿಲಲ್ಲಿ ಕೂತು ಮಗಳಿಗೆ ಫೋನು ಮಾಡಿದಳು. ಬೇರೆ ಊರಿನಲ್ಲಿ ಕೆಲಸದಲ್ಲಿರುವ ಮಗಳಿಗೆ ಭಾನುವಾರ ಬಿಟ್ಟು ಬೇರೆ ದಿನ ಅಮ್ಮನ ಫೋನು ಬಂದರೆ ಗಾಬರಿ.

“ಅಜ್ಜಿಗೇನಾದ್ರೂ ಆಯ್ತಾ?”

“ಇಲ್ಲ. ನೀನು ಆ ಪುಸ್ತಕದಲ್ಲಿ ಐವತ್ತೆಂಟನೇ ಪುಟ ಓದಿದ್ಯಾ? ಚಿಕ್ಕವಳಿದ್ದಾಗ ತಂದುಕೊಟ್ಟಿದ್ನಲ್ಲ.”

ಆ ಕಡೆಯಿಂದ ನಗು ಬಂತು. “ಜಾಣ ಹುಡುಗಿ ತಾಳ್ಮೆಯಿಂದ ಗೆಲ್ಲುತ್ತಾಳೆ! ಅಯ್ಯೋ, ನಾನೂ ನನ್ನ ಗೆಳತೀನೂ ಎಷ್ಟು ನಕ್ಕಿದ್ವಿ. ಎಂಥಾ ಮುದುಕಿ ಪುಸ್ತಕ ಅಮ್ಮಾ ಅದು.”

ಪುಟದಕ್ಕನಿಗೆ ಜೀವ ಬಂದಂತಾಯಿತು. ಕಣ್ಣಲ್ಲಿ ನೀರೂ ಬಂತು. “ನಕ್ಕಿದ್ರಾ? ಒಳ್ಳೇದಾಯ್ತು.”

“ಯಾಕಮ್ಮ, ಏನಾಯ್ತು?” ನಗು ನಿಂತಿತು. ಮಗಳು ಹೇಳಿದಳು, “ಗೆಳತಿ ಇದ್ದಳು, ನಕ್ಕೆ. ಒಬ್ಬಳೇ ಓದಿದ್ರೆ ನಂಬ್ತಿದ್ನೋ ಏನೋ. ನೀನು ಅಡುಗೆಮನೇಲಿ ಪಾತ್ರೆ ಕುಟ್ತಾ ಇದ್ದೆಯಲ್ಲ, ಬಂದು ಪಕ್ಕ ಕೂತ್ಕೋತೀಯೇನೋ ಅಂತ ನಾನು ಕಾದಿದ್ದೆ.”

ಅತ್ತೆ ಒಳಗಿನಿಂದ ನೀರು ಕೇಳಿದರು. ಪುಟದಕ್ಕ ಫೋನು ಇಟ್ಟು, ನೀರು ಕೊಟ್ಟು, ಬಾಗಿಲಿಗೇ ಹಿಂದಿರುಗಿ ಕೂತಳು. ಇಷ್ಟು ದಣಿವು ಅವಳಿಗೆ ಹೆರಿಗೆಯಲ್ಲೂ ಆಗಿರಲಿಲ್ಲ.

ಶುಕ್ರವಾರ ಬೆಳಿಗ್ಗೆ ಗ್ರಂಥಪಾಲಕ ಬಂದಾಗ ಅವನ ಮೇಜಿನ ಮೇಲೆ ಪುಸ್ತಕ ಇತ್ತು. ಕಂದು ಹೊದಿಕೆ ಇರಲಿಲ್ಲ, ಹಸಿರು ರಟ್ಟು ಕಿತ್ತಿತ್ತು, ಮೊದಲ ಪುಟದ ಮೇಲೆ ‘ರದ್ದು’ ಎಂದು ನೇರವಾಗಿ ಮೊಹರು ಬಿದ್ದಿತ್ತು.

“ಕಾಗದ ಸಿಗಲಿಲ್ವಾ ಮೇಡಂ?”

“ಸಿಗ್ತಿತ್ತು. ಇದರಲ್ಲಿ ತಪ್ಪಿದೆ. ಹೊಸದು ತರಿಸಿ. ಈಗಿನ ಡಾಕ್ಟರು ಬರೆದಿದ್ದು. ತರಿಸೋ ಮುಂಚೆ ನಾನು ಓದ್ತೀನಿ, ಆರೋಗ್ಯ ಕೇಂದ್ರದ ನರ್ಸಮ್ಮನ ಕೈಯಲ್ಲೂ ಓದಿಸ್ತೀನಿ.”

ಅವನು ಬೇಡಿಕೆಯ ಫಾರಂ ತೆಗೆದು ಮುಂದಿಟ್ಟ. ವಿಷಯ ಎಂಬಲ್ಲಿ ಏನು ಬರೆಯುವುದೆಂದು ಅವಳು ಬಹಳ ಹೊತ್ತು ನೋಡಿದಳು. ಆಮೇಲೆ ಹೆಣಿಗೆ ಎಂದು ಬರೆಯದೆ, ಇದ್ದದ್ದನ್ನು ಇದ್ದ ಹಾಗೆ ಬರೆದಳು.

ನಾಲ್ಕೂವರೆ ಆಯಿತು, ಹುಡುಗಿ ಬರಲಿಲ್ಲ. ಐದಾಯಿತು. ಪುಟದಕ್ಕ ಮೆಟ್ಟಿಲ ಕಡೆಗೇ ಕಣ್ಣಿಟ್ಟು ಕೂತಿದ್ದಳು. ಯಾರು ಏನು ಕೇಳಿದರೂ ಕಿವಿಗೆ ಬೀಳುತ್ತಿರಲಿಲ್ಲ. ಬರದಿದ್ದರೆ? ಭಾನುವಾರ ಬೀದಿ ಬೀದಿ ಅಲೆಯಬೇಕೇ? ಐದೂಕಾಲಿಗೆ ಚೀಲ ಅವಚಿಕೊಂಡು ಅವಳು ಬಂದಳು. ಕೊನೆಯ ಕಪಾಟಿನ ಕಡೆ ಹೋಗಲಿಲ್ಲ. ಬೇರೆ ಯಾವುದೋ ಕಥೆಪುಸ್ತಕವನ್ನು ವಾಪಸ್ಸಿನ ಪೆಟ್ಟಿಗೆಗೆ ಹಾಕಿ, ಪುಟದಕ್ಕನ ಕಡೆ ನೋಡಿ, ಎಲ್ಲ ಸರಿಯಾಯಿತು ಅನ್ನುವ ಹಾಗೆ ತಲೆಯಾಡಿಸಿ ಹೊರಟೇಬಿಟ್ಟಳು.

“ಏಯ್ ಹುಡುಗೀ! ನಿಲ್ಲು!”

ಇಪ್ಪತ್ತೇಳು ವರ್ಷ ಎಲ್ಲರ ಬಾಯಿ ಮುಚ್ಚಿಸಿದವಳ ಗಂಟಲು ಅದು. ಪತ್ರಿಕೆಗಳೆಲ್ಲ ಒಟ್ಟಿಗೆ ಕೆಳಗಿಳಿದವು. ಒಬ್ಬ ಮುದುಕರು, “ಶ್!” ಅಂದರು. ಪುಟದಕ್ಕ ಅವರ ಕಡೆ ತಿರುಗಿಯೂ ನೋಡದೆ, ಹುಡುಗಿಯ ತೋಳು ಹಿಡಿದು ಕೊನೆಯ ಕಪಾಟಿನ ಹಿಂದೆ ಕರೆದೊಯ್ದಳು. ಅಲ್ಲಿ ಈಗ ಎರಡು ಸ್ಟೂಲುಗಳಿದ್ದವು. ಹುಡುಗಿ ಸಾಲಿನಲ್ಲಿದ್ದ ಖಾಲಿ ಜಾಗ ನೋಡಿದಳು.

“ಪುಸ್ತಕ ಎಲ್ಲಿ ಅಕ್ಕ?”

“ರದ್ದು ಮಾಡಿದೆ. ಕೂತ್ಕೋ.”

“ಯಾವ ಪುಟ...”

“ಪುಟ ಇಲ್ಲ. ಐವತ್ತೆಂಟು ತಪ್ಪು. ಬರೆದೋರದ್ದೂ ತಪ್ಪು, ತೋರಿಸಿದ ನಂದೂ ತಪ್ಪು.” ನಾಲಿಗೆ ಒಣಗಿತ್ತು, ಆದರೂ ಹೊರಳಿತು. “ಬೇಡ ಅನ್ನೋದು ತಪ್ಪಲ್ಲ. ಯಾರಿಗೂ, ಯಾವತ್ತೂ. ಪ್ರೀತಿ ಇದ್ದೋನಿಗೂ ಅನ್ನಬಹುದು. ನಿನ್ನ ಮೈ ನಿಂದು. ಬೇಡ ಅಂದಿದ್ದಕ್ಕೆ ಮಾತು ಬಿಟ್ಟು ಶಿಕ್ಷೆ ಕೊಡ್ತಾನಲ್ಲ, ಅದು ಪ್ರೀತಿ ಅಲ್ಲ, ಹೆದರಿಸೋದು. ಭಾನುವಾರ ನೀನು ಹೋಗಬೇಕಾಗಿಲ್ಲ.”

ಹುಡುಗಿ ಅವಳನ್ನೇ ನೋಡಿದಳು. “ಅದು ಪುಸ್ತಕದಲ್ಲಿತ್ತಲ್ಲ ಅಕ್ಕ. ಈಗ ನೀವು ಬೇರೆ ಹೇಳ್ತೀರ. ಯಾವುದನ್ನ ನಂಬೋದು?”

ಪ್ರಶ್ನೆ ನ್ಯಾಯವಾದದ್ದೇ. “ನನ್ನೊಬ್ಬಳನ್ನೇ ನಂಬಬೇಡ,” ಎಂದಳು ಪುಟದಕ್ಕ. “ನಾಳೆ ಬೆಳಿಗ್ಗೆ ಆರೋಗ್ಯ ಕೇಂದ್ರದ ನರ್ಸಮ್ಮ ಇರ್ತಾರೆ, ನಾನು ಜೊತೆಗೆ ಬರ್ತೀನಿ, ಅವರನ್ನೂ ಕೇಳು. ನಿನ್ನ ಅಕ್ಕನೋ ಚಿಕ್ಕಮ್ಮನೋ ಯಾರಾದ್ರೂ ಇದ್ರೆ ಅವರನ್ನೂ ಕೇಳು. ಎದುರಿಗೆ ಕೂತು ಕೇಳು. ಪುಟಕ್ಕೆ ಎದುರು ಪ್ರಶ್ನೆ ಹಾಕೋಕಾಗಲ್ಲ, ಅದೇ ನಾನು ಮಾಡಿದ ತಪ್ಪು.”

ಹುಡುಗಿ ಚೀಲವನ್ನು ಇನ್ನೂ ಬಿಗಿಯಾಗಿ ಹಿಡಿದು ಕೇಳಿದಳು, “ನೀವು ಯಾರಿಗಾದ್ರೂ ಬೇಡ ಅಂದಿದ್ದೀರಾ?”

“ಇಲ್ಲ,” ಎಂದಳು ಪುಟದಕ್ಕ. “ಒಂದ್ಸಲಾನೂ ಇಲ್ಲ. ಅದಕ್ಕೇ ಆ ಪುಟದಲ್ಲಿ ತಪ್ಪಿದೆ ಅಂತ ನಂಗೆ ಗೊತ್ತೇ ಆಗಲಿಲ್ಲ.”

ಇದನ್ನು ಕೇಳಿ ಹುಡುಗಿಯ ಮುಖ ಸಡಿಲವಾಯಿತು. ಅವಳು ಚೀಲವನ್ನು ತೊಡೆಯ ಮೇಲಿಂದ ತೆಗೆದು ನೆಲದ ಮೇಲಿಟ್ಟು, ಸ್ಟೂಲನ್ನು ಹತ್ತಿರಕ್ಕೆ ಎಳೆದುಕೊಂಡಳು. “ಅಕ್ಕ, ಇನ್ನೂ ಒಂದಿದೆ. ಅದನ್ನ ಚೀಟಿಯಲ್ಲಿ ಬರೆದಿರಲಿಲ್ಲ,” ಎಂದು ಶುರುಮಾಡಿದಳು.

ಐದೂವರೆಯ ಗಂಟೆ ಬಾರಿಸಿತು. ಪತ್ರಿಕೆಯವರು ಗೊಣಗುತ್ತ ಮೆಟ್ಟಿಲಿಳಿದರು. ಗ್ರಂಥಪಾಲಕ ಕಿಟಕಿಗಳನ್ನು ಒಂದೊಂದಾಗಿ ಮುಚ್ಚುತ್ತ ಕೊನೆಯ ಕಪಾಟಿನ ತನಕ ಬಂದು, ಬೀಗದ ಕೈ ಹಿಡಿದು ನಿಂತ.

“ಮೇಡಂ, ಬಾಗಿಲು ಹಾಕ್ಲಾ?”

ಪುಟದಕ್ಕ ತಲೆಯೆತ್ತಿದಳು.

“ಬೇಡ,” ಅಂದಳು.